ಅಚ್ಚಿನ ಚಿತ್ರದಲ್ಲಿ ಊರಿನವರೆಲ್ಲಿ?

1792ರ ಫೆಬ್ರವರಿ 26ರಂದು ಶ್ರೀರಂಗಪಟ್ಟಣದ ಹೊರಗಿನ ಇಂಗ್ಲಿಷ್ ಪಾಳೆಯದಲ್ಲಿ ಟಿಪ್ಪು ಸುಲ್ತಾನನ ಇಬ್ಬರು ಗಂಡುಮಕ್ಕಳನ್ನು ಲಾರ್ಡ್ ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಿದರು. ಒಬ್ಬ ಅಬ್ದುಲ್ ಖಾಲಿಕ್, ಇನ್ನೊಬ್ಬ ಮುಯಿಜುದ್ದೀನ್. ಇಬ್ಬರೂ ಇನ್ನೂ ಆಡುವ ವಯಸ್ಸಿನ ಹುಡುಗರು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಮತ್ತು ಅರ್ಧ ರಾಜ್ಯ ಕೊಡಬೇಕೆಂಬ ಒಪ್ಪಂದಕ್ಕೆ ಈ ಮಕ್ಕಳೇ ಜಾಮೀನು. ಸುದ್ದಿ ಲಂಡನ್ ಮುಟ್ಟಿದ್ದೇ ತಡ, ಅಲ್ಲಿನ ಚಿತ್ರಕಾರರು ಇದನ್ನು ಬರೆಯಲು ಮುಗಿಬಿದ್ದರು. ಮೇದರ್ ಬ್ರೌನ್ ಬರೆದ, ಹೆನ್ರಿ ಸಿಂಗಲ್ಟನ್ ಬರೆದ. ಸೈನ್ಯದ ಜೊತೆಗೇ ಇದ್ದ ರಾಬರ್ಟ್ ಹೋಮ್ ಕೂಡ ಬರೆದ. ಆ ಬಣ್ಣದ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು, ಕಾಗದಕ್ಕೆ ಒತ್ತಿ, ಪ್ರತಿ ಮೇಲೆ ಪ್ರತಿ ತೆಗೆದು ಮಾರಿದರು. ಬಿಳಿ ಮಲ್ಲಿನ ಅಂಗಿ ತೊಟ್ಟು, ಮುತ್ತಿನ ಸರ ಹಾಕಿಕೊಂಡ ಮಕ್ಕಳು. ಬಾಗಿ ಕೈ ನೀಡಿದ ಕಾರ್ನ್‌ವಾಲಿಸ್. ಹಿಂದೆ ಆನೆ, ಬಾವುಟ, ಸಿಪಾಯಿಗಳ ಸಾಲು. ಇಂಗ್ಲೆಂಡಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಇದು ಕಾರ್ನ್‌ವಾಲಿಸನ ದೊಡ್ಡ ಮನಸ್ಸಿಗೆ ಸಾಕ್ಷಿಯಾಗಿ ನೇತಾಡಿತು.

ಈ ಚಿತ್ರವನ್ನು ನಾನು ಚಿತ್ರಕಲೆ ಓದುವಾಗ ಪುಸ್ತಕದಲ್ಲಿ ನೋಡಿದೆ. ಆಮೇಲೆ ಅರಕಲಗೂಡು, ಚನ್ನರಾಯಪಟ್ಟಣದ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಟೀಚರ್ ಆಗಿ ಪಾಠ ಮಾಡುವಾಗ ಮಕ್ಕಳಿಗೆ ತೋರಿಸಿದ್ದೇನೆ. ನೋಡಿದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: ಮೂರನೆಯ ಮೈಸೂರು ಯುದ್ಧದಲ್ಲಿ ಚಿತ್ರಕ್ಕೆ ಬಂದ ಮಕ್ಕಳು ಈ ಇಬ್ಬರೇ ಏಕೆ? ಅರಮನೆಯ ಮಕ್ಕಳ ಸಂಕಟವೂ ಸಂಕಟವೇ, ಅದರಲ್ಲಿ ಎರಡು ಮಾತಿಲ್ಲ. ಎರಡು ವರ್ಷ ತಂದೆತಾಯಿಯಿಂದ ದೂರ ಮದ್ರಾಸಿನಲ್ಲಿ ಕಳೆದು, 1794ರಲ್ಲಿ ದೇವನಹಳ್ಳಿಯಲ್ಲಿ ಮತ್ತೆ ತಂದೆಯ ಕೈ ಸೇರಿದವರು ಅವರು. ಆದರೆ ಅದೇ ಯುದ್ಧದಲ್ಲಿ ಊರಿಗೂರೇ ಗಂಟುಮೂಟೆ ಕಟ್ಟಿಕೊಂಡು ಓಡಿತಲ್ಲ, ಆ ಮಕ್ಕಳನ್ನು ಯಾರೂ ತಗಡಿನ ಮೇಲೆ ಕೊರೆಯಲಿಲ್ಲ.

ನಮ್ಮ ಸೀಮೆಗೆ ದಂಡು ಹೊಸದಾಗಿರಲಿಲ್ಲ. ಚನ್ನರಾಯಪಟ್ಟಣದ ಕೋಟೆಯನ್ನೇ ನೋಡಿ. ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ಸುಮಾರು 1600ರಲ್ಲಿ ಆ ಊರನ್ನು ಗೆದ್ದು ಮಗ ಚನ್ನರಾಯನಿಗೆ ಕೊಟ್ಟ. ಮುಂದೆ ಅದು ಮೈಸೂರು ಒಡೆಯರ ಪಾಲಾಯಿತು. ಮರಾಠರ ದಂಡು ಮತ್ತೆ ಮತ್ತೆ ಬರತೊಡಗಿದಾಗ ಹೈದರಾಲಿ ಕೋಟೆಯ ಸುತ್ತ ನೀರಿನ ಕಂದಕ ತೋಡಿಸಿದ, ಬಾಗಿಲುಗಳನ್ನು ಭದ್ರ ಮಾಡಿಸಿದ. 1771ರಲ್ಲಿ ಚಿನಕುರಳಿಯ ಬಳಿ ಹೈದರನ ಸೈನ್ಯ ಮರಾಠರಿಗೆ ಸೋತು ಚೆಲ್ಲಾಪಿಲ್ಲಿಯಾಯಿತು, ಹತ್ತಿರದ ಮೇಲುಕೋಟೆ ಲೂಟಿಯಾಯಿತು. ಕಂದಕ ಕೋಟೆಯೊಳಗಿದ್ದವರನ್ನು ಕಾಯುತ್ತದೆ. ಹೊರಗಿನ ಹಳ್ಳಿಯವರನ್ನು ಕಾಯುವವರು ಯಾರು?

ಇಪ್ಪತ್ತು ವರ್ಷ ಕಳೆದು 1791ರ ಬೇಸಿಗೆಗೆ ಇದೇ ಕಥೆ ಮೂರು ಪಟ್ಟಾಗಿ ಬಂತು. ಕಾರ್ನ್‌ವಾಲಿಸ್ ಬೆಂಗಳೂರನ್ನು ಗೆದ್ದು ಶ್ರೀರಂಗಪಟ್ಟಣದ ಕಡೆ ಹೊರಟ. ಅವನ ಸೈನ್ಯಕ್ಕೆ ಒಂದು ಹಿಡಿ ಕಾಳು, ಒಂದು ಕಂತೆ ಹುಲ್ಲೂ ಸಿಗಬಾರದೆಂದು ಟಿಪ್ಪು ತನ್ನ ರಾಜ್ಯದ ಹಳ್ಳಿಗಳಿಗೆ ತಾನೇ ಬೆಂಕಿ ಇಡಿಸಿ, ಜನರನ್ನೂ ದನಗಳನ್ನೂ ದಾರಿಯಿಂದ ಎಬ್ಬಿಸಿ ಕಳಿಸಿದ. ಯುದ್ಧದ ಲೆಕ್ಕದಲ್ಲಿ ಇದು ಜಾಣ ನಡೆ. ಕಾರ್ನ್‌ವಾಲಿಸನ ಎತ್ತುಗಳು ಮೇವಿಲ್ಲದೆ ದಾರಿಯುದ್ದಕ್ಕೂ ಸತ್ತವು. ಮುಂಗಾರು ಹಿಡಿಯಿತು, ಸಿಪಾಯಿಗಳು ಹಸಿದರು, ಮೇ 22ರಂದು ಅವನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ಆಗಲೇ ಹರಿಪಂತ್ ಮತ್ತು ಪರಶುರಾಮ ಭಾವುವಿನ ಮರಾಠಾ ಸೈನ್ಯ ಬಂದು ಕೂಡಿಕೊಂಡಿತು. ಮೇಲುಕೋಟೆ, ನಾಗಮಂಗಲದ ಸೀಮೆಯ ಮೇಲೆ, ಅಂದರೆ ಚನ್ನರಾಯಪಟ್ಟಣದ ಮಗ್ಗುಲಲ್ಲೇ, ಎರಡು ದಂಡುಗಳ ಹಸಿವು ಒಟ್ಟಿಗೇ ಬಿತ್ತು. ಅದೇ ವರ್ಷ ಮರಾಠಾ ಕುದುರೆ ಸವಾರರು ಶೃಂಗೇರಿ ಮಠವನ್ನೂ ಲೂಟಿ ಮಾಡಿದರು, ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ನಿಂತರು. ಟಿಪ್ಪು ಆಗ ಮಠಕ್ಕೆ ಕನ್ನಡದಲ್ಲಿ ಬರೆಸಿದ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿದ್ದು ಬೆಳಕು ಕಂಡವು. ಮಠಕ್ಕಾದರೆ ಕಾಗದಪತ್ರ ಉಳಿಯಿತು. ಹಳ್ಳಿಗೆ ಏನು ಉಳಿಯಿತು? 1800–01ರಲ್ಲಿ ಈ ನಾಡನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಹೋದ ಹೋದಲ್ಲಿ ಹಾಳುಬಿದ್ದ ಮನೆಗಳನ್ನೂ ಬೀಳು ಬಿದ್ದ ಹೊಲಗಳನ್ನೂ ಕಂಡು, ಜನರು ಹೇಳಿದ್ದನ್ನು ಬರೆದಿಟ್ಟುಕೊಂಡ. ಯುದ್ಧ ಮುಗಿದು ಎಂಟೊಂಬತ್ತು ವರ್ಷವಾದರೂ ಗಾಯ ಮಾಯ್ದಿರಲಿಲ್ಲ.

ಅರಕಲಗೂಡಿನ ಹತ್ತಿರದ ನಮ್ಮ ಅಜ್ಜಿಯ ಮನೆಯ ಹಿತ್ತಿಲಲ್ಲಿ ಒಂದು ಹಗೇವು ಇತ್ತು. ಈಗಿನ ಮಕ್ಕಳಿಗೆ ತಿಳಿಯಲೆಂದು ಹೇಳುತ್ತೇನೆ: ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ರಾಗಿಯ ಗುಂಡಿ. ಬಾಯಿ ಕಿರಿದು, ಒಳಗೆ ಅಗಲ. ಗೋಡೆಗೆ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಹರಡಿಬಿಟ್ಟರೆ ಅಲ್ಲೊಂದು ಕಣಜ ಇದೆಯೆಂದು ಹೊಸಬರಿಗೆ ಗೊತ್ತಾಗುವುದಿಲ್ಲ. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವ ದಿನ ಚಪ್ಪಡಿ ಸರಿಸಿ ಬಹಳ ಹೊತ್ತು ಹಾಗೇ ಬಿಡಬೇಕು, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಒಳಗಿನ ಕೆಟ್ಟ ಗಾಳಿಗೆ ಪ್ರಾಣ ಹೋದವರಿದ್ದಾರೆ. "ಹಗೇವು ಎಲ್ಲೈತೆ ಅಂತ ಮನೆ ಸೊಸೆಗೂ ಮೂರು ವರ್ಸ ಹೇಳ್ತಿರ್ಲಿಲ್ಲ ಕಣೆ, ದಂಡು ಬಂದ್ರೆ ಬಾಯಿ ಬಿಡಿಸ್ತಾರೆ ಅಂತ" ಎಂದು ಅಜ್ಜಿ ಹೇಳುತ್ತಿದ್ದರು. ಅವರು ಯಾವ ದಂಡನ್ನೂ ಕಂಡವರಲ್ಲ. ಅವರ ಅಜ್ಜಿಯ ಅಜ್ಜಿ ಕಂಡಿರಬೇಕು. ಬುಕಾನನ್ ಕೂಡ ಈ ಗುಂಡಿಗಳ ಬಗ್ಗೆ ಬರೆದಿದ್ದಾನೆ.

ಈಗ ಆ ಕಾಲದ ಅಚ್ಚಿನ ಚಿತ್ರಗಳನ್ನು ಮುಂದಿಟ್ಟುಕೊಳ್ಳಿ. ರಾಬರ್ಟ್ ಹೋಮ್‌ನ ಮೈಸೂರು ದೃಶ್ಯಗಳ ಪುಸ್ತಕ 1794ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅದೇ ವರ್ಷ ಅಲೆಕ್ಸಾಂಡರ್ ಅಲನ್ ಎಂಬ ಸೈನಿಕನದೂ ಬಂತು. ಸರ್ವೆ ಕೆಲಸದ ರಾಬರ್ಟ್ ಕೋಲ್‌ಬ್ರೂಕ್ ಕೂಡ ಹನ್ನೆರಡು ದೃಶ್ಯಗಳ ಕಟ್ಟೊಂದನ್ನು ತಂದ. ಬೆಂಗಳೂರಿನ ಕೋಟೆ, ಸಾವನದುರ್ಗ, ಶ್ರೀರಂಗಪಟ್ಟಣ. ಕೆಲಸಗಾರಿಕೆ ಬಹಳ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಬಂಡೆಯ ಮೇಲೆ ಬೀಳುವ ಬಿಸಿಲನ್ನು, ಮಳೆಗಾಲದ ಮೋಡವನ್ನು ಹಿಡಿದಿರುವ ರೀತಿ ಕಂಡು ಕೈ ಮುಗಿಯಬೇಕೆನಿಸುತ್ತದೆ. ಮುಂದುಗಡೆ ಎರಡು ಮರ, ಕೂತ ನಾಲ್ಕು ಜನ, ನೀರಿಗೆ ಇಳಿದ ದನ. ಎಲ್ಲ ನೆಮ್ಮದಿ. ಸುಟ್ಟ ಊರಿಲ್ಲ, ಅಗೆದ ಹಗೇವಿಲ್ಲ, ಕೂಸನ್ನು ಕಂಕುಳಲ್ಲಿ ಇರುಕಿಕೊಂಡು ಓಡುವ ಹೆಂಗಸಿಲ್ಲ. ಅವರಿಗೆ ಇದು ಕಾಣಲಿಲ್ಲವೆಂದು ನಾನು ನಂಬಲಾರೆ. ಅವರು ನಡೆದದ್ದೇ ಆ ಸುಟ್ಟ ದಾರಿಯಲ್ಲಿ. ಆದರೆ ಅವರು ಕೂತು ಬರೆದದ್ದು ಸೈನ್ಯದ ಡೇರೆಯಲ್ಲಿ, ಕೊಳ್ಳುವವರು ಇದ್ದದ್ದು ಲಂಡನ್ನಿನಲ್ಲಿ. ಗೆದ್ದ ನಾಡಿನ ಚಂದವನ್ನು ನೋಡಲು ಅವರು ಕಾಸು ಕೊಟ್ಟರು.

1799ರಲ್ಲೂ ಹಾಗೇ ಆಯಿತು. ಇಂಗ್ಲಿಷರು ಕೋಟೆ ಹತ್ತಿ ಗೆದ್ದ ಮೇ 4ರ ರಾತ್ರಿ ಶ್ರೀರಂಗಪಟ್ಟಣದಲ್ಲಿ ಲೂಟಿಯಾಗದೆ ಉಳಿದ ಮನೆ ಇರಲಿಲ್ಲವೆಂಬಷ್ಟು ಹಾವಳಿ ನಡೆಯಿತು. ಅದನ್ನು ಬರೆದವನು ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯೇ. ಮಾರನೆಯ ದಿನ ಊರಿನ ಉಸ್ತುವಾರಿ ವಹಿಸಿಕೊಂಡು ಲೂಟಿಕೋರರನ್ನು ಗಲ್ಲಿಗೇರಿಸಿ, ಚಾಟಿಯಲ್ಲಿ ಹೊಡೆಸಿ ಅದನ್ನು ನಿಲ್ಲಿಸಿದವನೂ ಅವನೇ. ಆದರೆ ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ ಭಾರಿ ಚಿತ್ರ, ಅದರಿಂದ ವೆಂದ್ರಮಿನಿ ಕೊರೆದು ಮಾರಿದ ಅಚ್ಚುಗಳು, ಎಲ್ಲವೂ ಕೋಟೆ ಹತ್ತುವ ಶೌರ್ಯದ್ದೇ. ಆ ರಾತ್ರಿ ಮನೆಯೊಳಗಿದ್ದವರದ್ದಲ್ಲ.

ಅಚ್ಚಿನ ಚಿತ್ರ ಎಂದರೇನೆಂದು ಇಲ್ಲಿ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಬೆಂಡೆಕಾಯಿ ಅಡ್ಡಡ್ಡ ಕತ್ತರಿಸಿ, ಬಣ್ಣದಲ್ಲಿ ಅದ್ದಿ ಹಾಳೆಗೆ ಒತ್ತಿ ಹೂ ಮೂಡಿಸಿದ್ದೀರಲ್ಲ, ಮರದ ಅಚ್ಚು ಮತ್ತು ಲಿನೋ ಅಚ್ಚಿನ ತತ್ವ ಅದೇ. ಉಬ್ಬಿದ ಭಾಗ ಮಸಿ ಹಿಡಿಯುತ್ತದೆ, ಕೊರೆದು ತೆಗೆದದ್ದು ಬೆಳ್ಳಗೆ ಉಳಿಯುತ್ತದೆ. ತಾಮ್ರದ ತಗಡಿನದು ಇದರ ತಿರುಗುಮುರುಗು. ಎಚಿಂಗ್ ಎನ್ನುವ ವಿಧಾನದಲ್ಲಿ ತಗಡಿಗೆ ಮೇಣ, ರಾಳ ಬೆರೆತ ಲೇಪ ಕೊಟ್ಟು, ಸೂಜಿಯಿಂದ ಲೇಪವನ್ನು ಗೀರಿ ಚಿತ್ರ ಬರೆದು, ತಗಡನ್ನು ಆ್ಯಸಿಡ್‌ನಲ್ಲಿ ಮುಳುಗಿಸುತ್ತಾರೆ. ಗೀರಿದ ಕಡೆ ಮಾತ್ರ ಆ್ಯಸಿಡ್ ತಾಮ್ರವನ್ನು ತಿನ್ನುತ್ತದೆ. ಆಮೇಲೆ ಲೇಪ ತೆಗೆದು, ಆ ಗೀರುಗಳಿಗೆ ಮಸಿ ತುಂಬಿ, ಮೇಲಿನದನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿ, ಒದ್ದೆ ಕಾಗದ ಹೊದಿಸಿ ರೋಲರ್ ಪ್ರೆಸ್ಸಿನಲ್ಲಿ ಎಳೆದರೆ ಗೀರಿನೊಳಗಿನ ಮಸಿಯನ್ನು ಕಾಗದ ಎತ್ತಿಕೊಂಡು ಬರುತ್ತದೆ. ಗೀರಿನ ಬದಲು ಕತ್ತಲೆ, ನೆರಳು ಬೇಕಿದ್ದರೆ ತಗಡಿನ ಮೇಲೆ ರಾಳದ ಪುಡಿ ಉದುರಿಸಿ ಕಾಯಿಸಿ ಆ್ಯಸಿಡ್‌ಗೆ ಬಿಡುತ್ತಾರೆ. ಅದು ಆ್ಯಕ್ವಾಟಿಂಟ್. ಅಲನ್ ನಮ್ಮ ಬೆಟ್ಟಗಳ ಮೋಡವನ್ನು ತೋರಿಸಿದ್ದು ಈ ಆ್ಯಕ್ವಾಟಿಂಟಿನಲ್ಲೇ. ಹದಿನಾರು ವರ್ಷಗಳ ನಂತರ ಇದೇ ರಾಳದ ಪುಡಿಯಿಂದ ಸ್ಪೇನಿನ ಒಬ್ಬ ಮುದುಕ ಹೆಣಗಳ ಮೇಲಿನ ಕತ್ತಲೆಯನ್ನು ಕಟ್ಟಿದ. ಸಾಧನ ಒಂದೇ. ಎದುರಿಗೆ ಯಾರನ್ನು ಕೂರಿಸಿಕೊಂಡೆ ಎನ್ನುವುದರಲ್ಲಿದೆ ವ್ಯತ್ಯಾಸ.

ಆ ಮುದುಕನಿಗಿಂತ ಮೊದಲು ಜಾಕ್ ಕಾಲೋ. ಲೊರೇನ್ ಎಂಬ ಸಣ್ಣ ಸಂಸ್ಥಾನದವನು. ಅವನ ಊರಿನ ಮೇಲೆ ಫ್ರಾನ್ಸಿನ ದಂಡು ಬಿದ್ದ 1633ರಲ್ಲಿ 'ಯುದ್ಧದ ದೊಡ್ಡ ಸಂಕಟಗಳು' ಎಂಬ ಹದಿನೆಂಟು ಚಿತ್ರಗಳ ಮಾಲೆ ಹೊರಬಂತು. ಒಂದೊಂದೂ ಗೇಣುದ್ದಕ್ಕಿಂತ ಚಿಕ್ಕದು, ಭೂತಗನ್ನಡಿ ಹಿಡಿದೇ ನೋಡಬೇಕು. ಅದರಲ್ಲಿ ಒಂದು ರೈತನ ಮನೆಯ ಒಳಗಿನದು. ಸಿಪಾಯಿಗಳು ನುಗ್ಗಿದ್ದಾರೆ. ಒಲೆಯ ಉರಿಯ ಮೇಲೆ ಒಬ್ಬನನ್ನು ತಲೆಕೆಳಗಾಗಿ ನೇತುಹಾಕಿದ್ದಾರೆ, ಬಚ್ಚಿಟ್ಟದ್ದು ಎಲ್ಲಿದೆ ಹೇಳು ಎಂದು. ಹಾಸಿಗೆಯ ಬಳಿ ಹೆಂಗಸಿನ ಮೇಲೆ ಕೈಮಾಡುತ್ತಿದ್ದಾರೆ. ಪೀಪಾಯಿಗಳನ್ನು ಒಡೆಯುತ್ತಿದ್ದಾರೆ. ಅಜ್ಜಿ ಹೇಳಿದ "ಬಾಯಿ ಬಿಡಿಸ್ತಾರೆ" ಎಂಬ ಮಾತಿಗೆ ಚಿತ್ರ ಬೇಕೆಂದರೆ ಇದೇ ಸಾಕು. ಕಾಲೋ ಯುದ್ಧವನ್ನೇ ವಿರೋಧಿಸಿದನೆಂದು ಹೇಳಲು ಬರುವುದಿಲ್ಲ. ಮುಂದಿನ ಚಿತ್ರಗಳಲ್ಲಿ ಅದೇ ಲೂಟಿಕೋರರನ್ನು ಸಾಲಾಗಿ ಮರಕ್ಕೆ ನೇಣುಹಾಕಿ ನ್ಯಾಯ ತೀರಿಸುತ್ತಾನೆ. ಆದರೂ ಯುದ್ಧದ ಚಿತ್ರವನ್ನು ರೈತನ ಅಡುಗೆಮನೆಗೆ ತಂದವನು ಅವನು.

ಆ ಮುದುಕ ಫ್ರಾನ್ಸಿಸ್ಕೊ ಗೋಯಾ, ಸ್ಪೇನಿನ ದೊರೆಯ ಆಸ್ಥಾನ ಚಿತ್ರಕಾರ. ಕಿವಿ ಪೂರ್ತಿ ಹೋಗಿತ್ತು. 1808ರಲ್ಲಿ ನೆಪೋಲಿಯನ್ ಸೈನ್ಯ ನುಗ್ಗಿದ ಮೇಲೆ ಕಂಡದ್ದನ್ನು, ಕೇಳಿದ್ದನ್ನು 1810ರಿಂದ ಸುಮಾರು ಹತ್ತು ವರ್ಷ 82 ತಗಡುಗಳಲ್ಲಿ ಕೊರೆದ. ಒಳ್ಳೆಯ ತಾಮ್ರ ಸಿಗದ ಕಾಲ, ಹಳೆಯ ಚಿತ್ರದ ತಗಡನ್ನೇ ಕತ್ತರಿಸಿ ಅದರ ಹಿಂಬದಿಯಲ್ಲೂ ಕೊರೆದಿದ್ದಾನೆ. 44ನೆಯ ಚಿತ್ರದಲ್ಲಿ ಊರು ಬಿಟ್ಟು ಓಡುವ ಜನರಿದ್ದಾರೆ. ತಾಯಿಯೊಬ್ಬಳು ಹಿಂದಿರುಗಿ ಮಗುವನ್ನು ಎಳೆದುಕೊಳ್ಳುತ್ತಿದ್ದಾಳೆ, ಪಕ್ಕದಲ್ಲೇ ಪಾದ್ರಿಯೊಬ್ಬ ಹಣದ ಚೀಲವನ್ನು ಅವುಚಿಕೊಂಡಿದ್ದಾನೆ. ಕೆಳಗೆ 'ಇದನ್ನು ನಾನು ಕಂಡೆ' ಎಂದು ಹೆಸರು ಕೊಟ್ಟಿದ್ದಾನೆ. ಅವರು ಯಾವುದನ್ನು ಕಂಡು ಓಡುತ್ತಿದ್ದಾರೋ ಅದು ಚಿತ್ರದೊಳಗೆ ಇಲ್ಲವೇ ಇಲ್ಲ. ನಮಗೆ ಕಾಣುವುದು ಅವರ ಮುಖ ಮಾತ್ರ.

1811–12ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಬರ ಬಂತು. ಯುದ್ಧದಿಂದಲೇ ಹುಟ್ಟಿದ ಬರ. ಗೋಯಾ ಅದಕ್ಕೆ ಹದಿನೈದಕ್ಕೂ ಹೆಚ್ಚು ತಗಡುಗಳನ್ನು ಮೀಸಲಿಟ್ಟ. 59ನೆಯದರಲ್ಲಿ ಕುಸಿದು ಬಿದ್ದ ಹೆಂಗಸಿಗೆ ಮತ್ತೊಬ್ಬಾಕೆ ಒಂದು ಬಟ್ಟಲು ಒಡ್ಡುತ್ತಾಳೆ. 'ಒಂದು ಬಟ್ಟಲಿಂದ ಏನಾದೀತು?' ಎಂಬುದು ಅದರ ಹೆಸರು. ಇದನ್ನು ತರಗತಿಯಲ್ಲಿ ತೋರಿಸಿದಾಗ ಗಲಾಟೆ ಮಾಡುವ ಹುಡುಗರೂ ಸುಮ್ಮನಾಗುತ್ತಿದ್ದರು. ಕತ್ತಿ ಇಲ್ಲ, ರಕ್ತ ಇಲ್ಲ. ಆದರೂ ಅದು ಯುದ್ಧದ ಚಿತ್ರವೆಂದು ಅವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಈ ತಗಡುಗಳನ್ನು ಅಚ್ಚು ಹಾಕಿ ಮಾರುವ ಧೈರ್ಯ ಗೋಯಾಗೆ ಬರಲಿಲ್ಲ. ಬದುಕಿದ್ದಾಗ ಅದು ಆಗುವ ಕಾಲವೂ ಆಗಿರಲಿಲ್ಲ. ಅವನು ತೀರಿಕೊಂಡದ್ದು 1828ರಲ್ಲಿ, ಮಾಲೆಯ 80 ಚಿತ್ರಗಳು ಅಚ್ಚಾಗಿ ಹೊರಬಂದದ್ದು 1863ರಲ್ಲಿ.

ಜರ್ಮನಿಯ ಕೆಥೆ ಕೊಲ್‌ವಿಟ್ಸ್ ಬಗ್ಗೆ ಒಂದೇ ಮಾತು. ಮೊದಲ ಮಹಾಯುದ್ಧದ ಮೊದಲ ತಿಂಗಳುಗಳಲ್ಲೇ ಮಗ ಪೀಟರ್‌ನನ್ನು ಕಳೆದುಕೊಂಡ ಈ ತಾಯಿ 'ಯುದ್ಧ' ಎಂಬ ಏಳು ಮರದ ಅಚ್ಚುಗಳನ್ನು ಮಾಡಿದರು. ಅವುಗಳಲ್ಲಿ ರಣರಂಗವೇ ಇಲ್ಲ. ತಂದೆತಾಯಿ, ವಿಧವೆ, ಮಕ್ಕಳನ್ನು ನಡುವಿಟ್ಟು ಸುತ್ತ ಗೋಡೆಯಂತೆ ನಿಂತ ತಾಯಂದಿರು.

ನಮ್ಮಲ್ಲಿ ಇಂಥದ್ದು ಇಲ್ಲವೇ ಎಂದು ಹುಡುಕುತ್ತ ಹೋದವಳಿಗೆ ಸಿಕ್ಕಿದ್ದು ಕಾಗದವಲ್ಲ, ಕಲ್ಲು. ಹಾಸನ ಜಿಲ್ಲೆಯ ಊರೂರಲ್ಲೂ ವೀರಗಲ್ಲುಗಳಿವೆ. ಕೆರೆ ಏರಿ, ಬಸವಣ್ಣನ ಗುಡಿ, ಹೊಲದ ಬದು, ಎಲ್ಲೆಂದರಲ್ಲಿ. ಹಾಸನದ ಮಹಾರಾಜ ಪಾರ್ಕಿನ ವಸ್ತುಸಂಗ್ರಹಾಲಯದಲ್ಲೂ ನೋಡಬಹುದು. ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಕಾದಾಟ, ನಡುವೆ ಸತ್ತವನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ಲಿಂಗವೋ ಜಿನನೋ. ಶಾಸನಗಳನ್ನು ಓದಿದರೆ ಈ ವೀರರಲ್ಲಿ ಎಷ್ಟೋ ಮಂದಿ ರಾಜ್ಯ ಗೆಲ್ಲಲು ಹೋದವರಲ್ಲ. ತುರುಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತವರು, ಊರಳಿವಿನಲ್ಲಿ ಬಿದ್ದವರು, ಪೆಣ್ಬುಯ್ಯಲ್ ಕೇಳಿ, ಅಂದರೆ ಹೆಂಗಸರ ಕೂಗು ಕೇಳಿ, ಓಡಿ ಹೋಗಿ ಸತ್ತವರು. ಚಿದಾನಂದಮೂರ್ತಿಯವರು ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ಇದನ್ನೆಲ್ಲ ವಿವರವಾಗಿ ಬರೆದಿದ್ದಾರೆ. ಕಲ್ಲಿನ ಮೇಲೆ ಸತ್ತವನ ಹೆಸರಿರುತ್ತದೆ, ಯಾರ ಮಗ ಎಂದಿರುತ್ತದೆ, ಊರು ಯಾವುದೆಂದಿರುತ್ತದೆ. ಹೋಮ್‌ನ ಚಿತ್ರದಲ್ಲಿ ಮರದಡಿ ಕೂತ ನಾಲ್ವರಿಗೆ ಇಲ್ಲದ ಹೆಸರು ಇಲ್ಲಿದೆ.

ಹೊಳೆನರಸೀಪುರದ ಕಡೆಯ ಹಳ್ಳಿಯೊಂದರಲ್ಲಿ ನಾನು ಇಂಥ ಕಲ್ಲೊಂದರ ಮುಂದೆ ಕೂತು ನಕಲು ಬರೆಯುತ್ತಿದ್ದಾಗ ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಿಂತರು.

"ಏನ್ ಬರ್ಕತಿದ್ದೀರ ಮೇಡಮ್ಮೋರೆ?"

"ಈ ಕಲ್ಲಿನ ಚಿತ್ರ, ಯಜಮಾನ್ರೆ. ಇದು ಯಾರು?"

"ದನ ಕಾಯೋ ದ್ಯಾವ್ರು ಕಣಮ್ಮ. ದನ ತಪ್ಪಿಸ್ಕಂಡ್ರೆ ಇಲ್ಲೇ ಕಾಯಿ ಒಡೆಯೋದು."

ಬರಹ ಸವೆದು ಹೋಗಿತ್ತು. ವೀರನ ಕಾಲಬಳಿ ಪುಟ್ಟ ಪುಟ್ಟ ಹಸುಗಳ ಸಾಲು ಮಾತ್ರ ಸ್ಪಷ್ಟವಾಗಿತ್ತು. ದನಕ್ಕಾಗಿ ಸತ್ತವನು ದನದ ದೇವರಾಗಿದ್ದ. ನೂರಾರು ವರ್ಷವಾದರೂ ಊರು ಅವನ ಕೆಲಸವನ್ನು ಮರೆತಿರಲಿಲ್ಲ.

ಈ ಕಲ್ಲುಗಳೂ ಎಲ್ಲವನ್ನೂ ಹೇಳುವುದಿಲ್ಲ. ವೀರನಿಗೆ ಕಲ್ಲು, ಚಿತೆ ಏರಿದ ಹೆಂಡತಿಗೆ ಬಳೆಯ ತೋಳೆತ್ತಿದ ಮಾಸ್ತಿಕಲ್ಲು. ಬದುಕಿ ಉಳಿದ ವಿಧವೆಗೆ, ತಬ್ಬಲಿ ಕೂಸಿಗೆ, ದನ ಹೋಗಿ ಉಳುಮೆ ನಿಂತ ಮನೆಗೆ ಯಾವ ಕಲ್ಲೂ ಇಲ್ಲ. ಇದನ್ನು ಮುಚ್ಚಿಟ್ಟು ನಮ್ಮ ಪರಂಪರೆಯನ್ನು ಹೊಗಳಲು ನನಗೆ ಮನಸ್ಸಿಲ್ಲ.

ಕಲ್ಲು ಕಾಗದಕ್ಕೆ ಬಂದ ಕಥೆ ಮಾತ್ರ ಅಚ್ಚಿನ ಕಲೆಯದ್ದೇ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟ ಪೂರ್ತಿ ಹಾಸನ ಜಿಲ್ಲೆಯದು, 1902ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಅದಕ್ಕಾಗಿ ಪುರಾತತ್ವ ಇಲಾಖೆಯವರು ಊರೂರು ತಿರುಗಿದರು. ಶಾಸನದ ಪಡಿಯಚ್ಚು ತೆಗೆಯುವುದು ಹೀಗೆ: ಕಲ್ಲನ್ನು ತೊಳೆದು ಉಜ್ಜಿ, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ತಗ್ಗಿಗೆ ಕಾಗದವನ್ನು ಇಳಿಸುತ್ತಾರೆ. ಆಮೇಲೆ ಮಸಿಯ ಉಂಡೆಯಿಂದ ಮೆಲ್ಲಗೆ ತಟ್ಟುತ್ತಾರೆ. ತಗ್ಗಿನ ಅಕ್ಷರ ಬೆಳ್ಳಗೆ, ಸುತ್ತಲಿನದು ಕಪ್ಪಗೆ ಮೂಡುತ್ತದೆ. ಹೀಗೆ ಕಾಗದಕ್ಕೆ ಬಂದದ್ದರಿಂದಲೇ ಈಗ ಕಲ್ಲೇ ಕಾಣದ ಎಷ್ಟೋ ಕಡೆಯ ಸತ್ತವರ ಹೆಸರು ಉಳಿದಿದೆ.

ಹೆಸರು ಬರೆಯುವ ಈ ಕೆಲಸವನ್ನು ನಮ್ಮ ದೇಶದಲ್ಲಿ ಮತ್ತೆ ಮಾಡಿದವನು ಬಂಗಾಳದ ಚಿತ್ತಪ್ರಸಾದ್. 1942ರಲ್ಲಿ ಜಪಾನ್ ಬರ್ಮಾ ಹಿಡಿಯಿತು, ಅಲ್ಲಿನ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಬಂಗಾಳದ ಕರಾವಳಿಯ ಅಕ್ಕಿಯನ್ನೂ ದೋಣಿಗಳನ್ನೂ ಎತ್ತಿಕೊಂಡಿತು. 1791ರಲ್ಲಿ ಟಿಪ್ಪು ಮಾಡಿದ ಲೆಕ್ಕಾಚಾರವೇ ಇದು. 1943ರಲ್ಲಿ ಬಂಗಾಳಕ್ಕೆ ಭೀಕರ ಬರ ಬಂತು, ಅದರಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಚಿತ್ತಪ್ರಸಾದ್ 1943ರ ನವೆಂಬರಿನಲ್ಲಿ ಮಿಡ್ನಾಪುರದ ಹಳ್ಳಿಗಳಲ್ಲಿ ನಡೆದಾಡಿ, ಹಸಿದವರ ಎದುರು ಕೂತು ಮಸಿಯಲ್ಲಿ ಚಿತ್ರ ಬರೆದ. ಯಾರು, ಯಾವ ಊರಿನವರು ಎಂದು ಗುರುತು ಹಾಕಿಕೊಂಡ. 'ಹಂಗ್ರಿ ಬೆಂಗಾಲ್' ಎಂದು ಪುಸ್ತಕವಾಗಿ ಅಚ್ಚಾದ 5,000 ಪ್ರತಿಗಳನ್ನು ಸರ್ಕಾರ ಹಿಡಿದು ಸುಟ್ಟಿತು. ಮನೆಯವರ ಬಳಿ ಉಳಿದ ಒಂದು ಪ್ರತಿಯಿಂದ 2011ರಲ್ಲಿ ಅದು ಮರುಮುದ್ರಣವಾಯಿತು. ಮುಂದೆ ಅವನು ಮುಂಬೈಯಲ್ಲಿ ಬಡತನದಲ್ಲೇ ಬದುಕಿ, ಲಿನೋಲಿಯಂ ಹಾಳೆಯಲ್ಲಿ ದುಡಿಯುವ ಮಕ್ಕಳ ಚಿತ್ರಗಳನ್ನು ಕೊರೆದ.

ನನ್ನ ತೀರ್ಮಾನ ಇಷ್ಟು. ಹೋಮ್, ಅಲನ್ ಇವರ ಚಿತ್ರಗಳನ್ನು ನಮ್ಮ ಪಠ್ಯಪುಸ್ತಕ, ಹೋಟೆಲ್ ಗೋಡೆ, ಕ್ಯಾಲೆಂಡರುಗಳಲ್ಲಿ ಆ ಕಾಲದ ಮೈಸೂರು ಎಂದು ಹಾಕಿಕೊಳ್ಳುತ್ತೇವೆ. ಹಾಕಿಕೊಳ್ಳೋಣ, ಆದರೆ ಅದು ಪಾಳೆಯದಿಂದ ಕಂಡ ಮೈಸೂರು ಎಂದು ಕೆಳಗೆ ಒಂದು ಸಾಲು ಬರೆಯಬೇಕು. ಅದರ ಪಕ್ಕದಲ್ಲಿ ಒಂದು ವೀರಗಲ್ಲಿನ ಚಿತ್ರವೂ ಇರಬೇಕು.

ಕೊನೆಗೆ ಒಂದು ಕೇಳಿಕೆ. ನಿಮ್ಮ ಊರಿನ ವೀರಗಲ್ಲನ್ನು ಬಚ್ಚಲಿನ ಚಪ್ಪಡಿ ಮಾಡಿಕೊಂಡಿದ್ದರೆ ಎತ್ತಿ ನಿಲ್ಲಿಸಿ. ಪೂಜೆ ಮಾಡುತ್ತಿದ್ದರೆ ಮಾಡಿ, ಆದರೆ ಆಯಿಲ್ ಪೇಂಟ್ ಬಳಿಯಬೇಡಿ, ಅಕ್ಷರ ಕಾಣಲೆಂದು ಮೊಳೆಯಿಂದ ಕೆರೆಯಬೇಡಿ, ಪಡಿಯಚ್ಚನ್ನು ನೀವೇ ತೆಗೆಯಲು ಹೋಗಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಮೊಬೈಲಿನಿಂದ ಫೋಟೋ ತೆಗೆದು, ಊರಿನ ಹೆಸರು ಬರೆದು, ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ ಕಳಿಸಿ.